ಮಿಸ್ಸಿಂಗ್ ಎಂಬ ಹಳೇ ಕಾಯಿಲೆ

ಎಂಜಿನ್ ನಡುವೆ ನಡುವೆ ತಪ್ಪಿ ಓಡುವುದಕ್ಕೆ ನಮ್ಮ ದೇಶದ ಗ್ಯಾರೇಜುಗಳಲ್ಲೆಲ್ಲ ಒಂದೇ ಹೆಸರು: 'ಮಿಸ್ಸಿಂಗ್'. ಕುರ್ಲಾದ ಉಸ್ತಾದ್ "ಗಾಡಿ ಮಿಸ್ಸಿಂಗ್ ಮಾರ್ ರಹೀ ಹೈ" ಅನ್ನುತ್ತಾನೆ. ಹುಬ್ಬಳ್ಳಿಯವನು "ಗಾಡಿ ಮಿಸ್ಸಿಂಗ್ ಹೊಡಿಲಿಕ್ಕತ್ತೇತಿ" ಅನ್ನುತ್ತಾನೆ. ನಮ್ಮ ಕರಾವಳಿಯವರು "ಸ್ವಲ್ಪ ಮಿಸ್ಸಿಂಗ್ ಉಂಟು ಮಾರಾಯ್ರೆ" ಅಂತಾರೆ. ಭಾಷೆ ಯಾವುದಾದರೂ ಕಾಯಿಲೆ ಒಂದೇ. ಈ ಕಾಯಿಲೆಗೆ ಸ್ವಾರಸ್ಯವಾದ ಒಂದು ಚರಿತ್ರೆಯೂ ಇದೆ. ಮೋಟಾರು ಕಾರಿನ ಚರಿತ್ರೆ ಎಂದರೆ ಯಾವ ಕಂಪನಿ ಯಾವ ಮಾಡೆಲ್ ತಂದಿತು ಎಂಬ ಪಟ್ಟಿಯನ್ನೇ ಎಲ್ಲರೂ ಕೊಡುತ್ತಾರೆ. ಆ ಕಾರು ಕೆಟ್ಟು ನಿಂತಾಗ ಕಾರಣವನ್ನು ಹೇಗೆ ಹುಡುಕುತ್ತಿದ್ದರು ಎಂಬುದನ್ನು ಬರೆದಿಟ್ಟವರು ಕಡಿಮೆ. 1980ರ ದಶಕದ ಆರಂಭದಲ್ಲಿ ನಾನು ರಾತ್ರಿ ಕಾಲೇಜಿಗೆ ಹೋಗುತ್ತ, ಹಗಲು ಕುರ್ಲಾದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಪಕ್ಕದಲ್ಲೇ ಗ್ಯಾರೇಜು. ಹಾಗಾಗಿ ಈ ಹುಡುಕಾಟವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು.

ಮೊದಲು ಕಾಯಿಲೆ ಏನೆಂದು ನೋಡೋಣ. ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲೂ ನಾಲ್ಕು ಕೆಲಸ ಸರದಿಯಂತೆ ನಡೆಯುತ್ತವೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುವುದು, ಅದನ್ನು ಒತ್ತುವುದು, ಕಿಡಿ ಹೊತ್ತಿಸಿ ಸಿಡಿಸುವುದು, ಹೊಗೆಯನ್ನು ಹೊರಗೆ ತಳ್ಳುವುದು. ಜರ್ಮನಿಯ ನಿಕೋಲಾಸ್ ಓಟೊ 1876ರಲ್ಲಿ ಓಡಿಸಿ ತೋರಿಸಿದ್ದು ಈ ನಾಲ್ಕು ಹೆಜ್ಜೆಯ ಎಂಜಿನ್ನನ್ನೇ. ಈ ಸರದಿಯಲ್ಲಿ ಮೂರನೆಯ ಕೆಲಸ ಆಗದೆ ಹೋದರೆ ಅದೇ ಮಿಸ್ಸಿಂಗ್. ಆಗದಿರಲು ಕಾರಣ ಮೂರೇ: ಕಿಡಿ ಸರಿಯಿಲ್ಲ, ಮಿಶ್ರಣ ಸರಿಯಿಲ್ಲ, ಇಲ್ಲವೇ ಒತ್ತಡ ನಿಲ್ಲುತ್ತಿಲ್ಲ. ಕೇಳಲು ಇಷ್ಟೇ. ಆದರೆ ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸೆಕೆಂಡಿಗೆ ನೂರು ಕಿಡಿ ಹಾರಬೇಕು. ಆ ನೂರರಲ್ಲಿ ಯಾವುದು ಹಾರಲಿಲ್ಲ, ಯಾಕೆ ಹಾರಲಿಲ್ಲ ಎಂದು ಹೊರಗೆ ನಿಂತು ಹೇಳಬೇಕು. ಕಷ್ಟ ಇರುವುದು ಅಲ್ಲಿ.

ಕಿಡಿಯ ಕಥೆಯೇ ಒಂದು ದೊಡ್ಡ ಕಥೆ. ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನು ತಯಾರಿಸಿದರು. ಅಲ್ಲಿಂದ ಮುಂದೆ ವೇಗವಾಗಿ ತಿರುಗುವ ಎಂಜಿನ್ನಿಗೆ ನಂಬಿಕೆಯ ಕಿಡಿ ಸಿಕ್ಕಿತು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಬೇರೆ ದಾರಿ ಹಿಡಿದರು. ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟಾರು ಜೋಡಿಸಿದ್ದ ಮನುಷ್ಯ ಅವರು. ಬ್ಯಾಟರಿ, ಕಾಯಿಲ್, ತೆರೆದು ಮುಚ್ಚುವ ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್, ಇಷ್ಟನ್ನು ಸೇರಿಸಿ ಅವರು ಕಟ್ಟಿದ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಪಾಯಿಂಟ್ ಮುಚ್ಚಿದಾಗ ಕಾಯಿಲಿನಲ್ಲಿ ಕರೆಂಟು ಹರಿಯುತ್ತದೆ. ತೆರೆದ ಕ್ಷಣ ಅದು ಕಡಿದುಹೋಗಿ, ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟುತ್ತದೆ. ಅದನ್ನು ಡಿಸ್ಟ್ರಿಬ್ಯೂಟರ್ ಒಂದೊಂದೇ ಸಿಲಿಂಡರಿಗೆ ಹಂಚುತ್ತದೆ. ಹಬ್ಬದೂಟದ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಅಂದುಕೊಳ್ಳಿ.

ಕೆಟರಿಂಗ್ ಮತ್ತು ಅವರ ಜೊತೆಗಾರರು 1909ರಲ್ಲಿ ಕಟ್ಟಿದ ಕಂಪನಿಯ ಹೆಸರು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೆಟರೀಸ್ ಕಂಪನಿ, ಚಿಕ್ಕದಾಗಿ ಡೆಲ್ಕೋ. ನಮ್ಮ ಪಕ್ಕದ ಗ್ಯಾರೇಜಿನ ಉಸ್ತಾದ್ ಡಿಸ್ಟ್ರಿಬ್ಯೂಟರಿಗೆ ಹೇಳುತ್ತಿದ್ದದ್ದು 'ಡೆಲ್ಕೋ' ಎಂದೇ. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯನ ಬಾಯಲ್ಲಿ ಅಮೆರಿಕದ ಓಹಾಯೋ ರಾಜ್ಯದ ಒಂದು ಕಂಪನಿಯ ಹೆಸರು ಬಿಡಿಭಾಗದ ಹೆಸರಾಗಿ ಉಳಿದಿತ್ತು. ನನಗೆ ಇದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಕೆಟರಿಂಗ್ ಬಗ್ಗೆ ಓದುವಾಗ.

ಇನ್ನು ನಮ್ಮ ಊರಿಗೆ ಬರೋಣ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ಕುರ್ಲಾದಲ್ಲಿ. ಇಟಲಿಯ ಫಿಯೆಟ್ 1100 ಐವತ್ತರ ದಶಕದಿಂದ ಅಲ್ಲಿ ತಯಾರಾಗತೊಡಗಿತು. 1974ರಲ್ಲಿ ಅದೇ ವಂಶದ ಕಾರಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ, ನಾಲ್ಕು ಸಿಲಿಂಡರಿನ ಎಂಜಿನ್, ಕಾರ್ಬುರೇಟರ್, ಮತ್ತು ಕೆಟರಿಂಗ್ ಕಾಲದ್ದೇ ಆದ ಪಾಯಿಂಟು, ಕಂಡೆನ್ಸರು. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿ ಎಂದರೆ ಬಹುಕಾಲ ಇದೇ. ಅಂಗಡಿಗೆ ಬರುತ್ತಿದ್ದ ಸ್ಪಾರ್ಕ್ ಪ್ಲಗ್ಗುಗಳು ಮೈಕೋ ಕಂಪನಿಯವು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬೆಂಗಳೂರಿನ ಆಡುಗೋಡಿಯದು. ಮ್ಯಾಗ್ನೆಟೊದ ಅದೇ ಬಾಷ್ ಇದರ ಮೂಲ ಕಂಪನಿ. 2008ರಲ್ಲಿ ಮೈಕೋ ಎಂಬ ಹೆಸರು ಹೋಗಿ ಬಾಷ್ ಲಿಮಿಟೆಡ್ ಆಯಿತು. ಬೆಂಗಳೂರಿನ ಮೈಕೋ ಲೇಔಟಿನಲ್ಲಿ ಮಾತ್ರ ಆ ಹೆಸರು ಇವತ್ತಿಗೂ ಇದೆ. ಮುಂಬಯಿಯ ಟ್ಯಾಕ್ಸಿಯೊಳಗೆ ಬೆಂಗಳೂರಿನ ಕಿಡಿ ಹಾರುತ್ತಿದೆ ಎಂದು ಆಗ ನನಗೆ ಸುಮ್ಮಸುಮ್ಮನೆ ಒಂದು ಹೆಮ್ಮೆ ಇತ್ತು.

ಉಸ್ತಾದರ ಪರೀಕ್ಷೆ ಕಿವಿಯಿಂದ ಶುರುವಾಗುತ್ತಿತ್ತು. "ಪೆಹಲೇ ಸುನೋ, ಫಿರ್ ಖೋಲೋ", ಮೊದಲು ಕೇಳು, ಆಮೇಲೆ ಬಿಚ್ಚು. ಚಂಡೆಯ ಪೆಟ್ಟಿನಲ್ಲಿ ಒಂದು ಮಾತ್ರೆ ನುಂಗಿಹೋದರೆ ಯಕ್ಷಗಾನ ನೋಡಿ ಬೆಳೆದವರಿಗೆ ಕೂಡಲೇ ಗೊತ್ತಾಗುತ್ತದಲ್ಲ, ಹಾಗೆ. ತಪ್ಪು ಲಯಬದ್ಧವಾಗಿ ಮರಳಿ ಮರಳಿ ಬರುತ್ತಿದ್ದರೆ ಒಂದೇ ಸಿಲಿಂಡರಿನ ದೋಷ. ಹೇಗೆಂದರೆ ಹಾಗೆ, ಲೆಕ್ಕವಿಲ್ಲದೆ ತಪ್ಪುತ್ತಿದ್ದರೆ ಎಲ್ಲ ಸಿಲಿಂಡರಿಗೂ ಸೇರಿದ ಭಾಗದ್ದು: ಪಾಯಿಂಟು, ಕಾಯಿಲು, ಕಾರ್ಬುರೇಟರು. ಬಿಚ್ಚುವ ಮೊದಲೇ ಅರ್ಧ ಕೆಲಸ ಇಲ್ಲಿ ಮುಗಿಯುತ್ತಿತ್ತು.

ಎರಡನೆಯದು, ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳುವುದು. ಒಳ್ಳೆಯ ಸಿಲಿಂಡರಿನ ವೈರು ಕಿತ್ತರೆ ಎಂಜಿನ್ ಇನ್ನಷ್ಟು ಕುಂಟುತ್ತದೆ. ಕೆಟ್ಟದ್ದರ ವೈರು ಕಿತ್ತರೆ ಏನೂ ವ್ಯತ್ಯಾಸ ಆಗುವುದಿಲ್ಲ, ಮೊದಲೇ ಸತ್ತದ್ದು ಮತ್ತೆ ಸಾಯುವುದೇನು? ಮೂರನೆಯದು ಅದಲು ಬದಲು. ಕೆಟ್ಟ ಸಿಲಿಂಡರಿನ ಪ್ಲಗ್ಗನ್ನು ತೆಗೆದು ಒಳ್ಳೆಯದಕ್ಕೆ ಹಾಕು, ಅದರದ್ದನ್ನು ಇದಕ್ಕೆ ಹಾಕು. ದೋಷ ಪ್ಲಗ್ಗಿನ ಜೊತೆ ಹೋಯಿತೋ, ಪ್ಲಗ್ಗು ಕೆಟ್ಟಿದೆ. ಅಲ್ಲೇ ಉಳಿಯಿತೋ, ಪ್ಲಗ್ಗು ನಿರಪರಾಧಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡು ಬದಲಾಯಿಸಿ ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ.

ಬಿಚ್ಚಿದ ಪ್ಲಗ್ಗಿನ ಮುಖವನ್ನು ವೈದ್ಯರು ನಾಲಿಗೆ ನೋಡಿದ ಹಾಗೆ ನೋಡುತ್ತಿದ್ದರು. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗು ಸವೆದಿದೆ, ಅಥವಾ ವಾಲ್ವಿನ ಬದಿಯಿಂದ ಎಣ್ಣೆ ಇಳಿಯುತ್ತಿದೆ. ಬಿಳಿಚಿಕೊಂಡಿದ್ದರೆ ಅತಿಯಾದ ಬಿಸಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯೇ ಬಂದಿಲ್ಲ. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೇರೆ ಬೆರೆಸುತ್ತಿದ್ದರು. ಅದರ ಪುಡಿ ಪ್ಲಗ್ಗಿನ ಮೇಲೆ ಕೂತು, ಬಿಸಿಯಾದಾಗ ಕಿಡಿಗೆ ಅಡ್ಡದಾರಿ ಮಾಡಿಕೊಡುತ್ತಿತ್ತು. ಪ್ಲಗ್ಗು ಉಜ್ಜುವುದು ಆಗ ವಾರದ ಕೆಲಸದಂತಿದ್ದುದಕ್ಕೆ ಇದೂ ಒಂದು ಕಾರಣ. ನಾಲ್ಕು ಮಹಾನಗರಗಳಿಗೆ 1995ರ ಏಪ್ರಿಲಿನಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂತು, 2000ದ ಫೆಬ್ರವರಿಯಿಂದ ದೇಶವೆಲ್ಲ ಅದೇ ಆಯಿತು.

ಎಲ್ಲಕ್ಕಿಂತ ಕಾಡುತ್ತಿದ್ದದ್ದು ಬಿಸಿಯಾದ ಮೇಲೆ ಬರುವ ದೋಷ. ಕಂಡೆನ್ಸರ್ ಹೀಗೆ ಮೋಸ ಮಾಡುತ್ತಿತ್ತು. ಬೆಳಿಗ್ಗೆ ಗ್ಯಾರೇಜಿನಲ್ಲಿ ಗಾಡಿ ಚಿನ್ನದಂಥದ್ದು. ದಾದರ್ ದಾಟುವ ಹೊತ್ತಿಗೆ ಕಂಡೆನ್ಸರ್ ಕಾದು, ಪಾಯಿಂಟಿನ ತುದಿಯಲ್ಲಿ ಕಿಡಿ ಸುಡತೊಡಗಿ ಮಿಸ್ಸಿಂಗ್ ಶುರು. ವಾಪಸ್ ತರುವಷ್ಟರಲ್ಲಿ ತಣ್ಣಗಾಗಿ ಮತ್ತೆ ಸರಿ. ಉಸ್ತಾದ್ ಪಾಯಿಂಟನ್ನು ಬಿಚ್ಚಿ ನೋಡುತ್ತಿದ್ದರು. ಒಂದು ತುದಿಯಲ್ಲಿ ಗುಂಡಿ, ಎದುರು ತುದಿಯಲ್ಲಿ ಗುಡ್ಡ ಬೆಳೆದಿದ್ದರೆ, ಗಾಡಿ ಆ ಹೊತ್ತಿಗೆ ಎಷ್ಟೇ ಸರಿಯಾಗಿ ಓಡುತ್ತಿರಲಿ, ಕಂಡೆನ್ಸರ್ ಬದಲಾಯಿಸು ಎನ್ನುತ್ತಿದ್ದರು. ತಪ್ಪಿತಸ್ಥ ಸಿಗದಿದ್ದರೂ ಅವನು ಬಿಟ್ಟುಹೋದ ಗುರುತು ಸಿಗುತ್ತಿತ್ತು.

ಮಿಸ್ಸಿಂಗಿನ ಕಾರಣ ಗಾಡಿಯೊಳಗೇ ಇರಬೇಕೆಂದೂ ಇಲ್ಲ. ಸಬ್ಸಿಡಿಯ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಇಂಧನಕ್ಕೆ ಬೆರೆಸುವ ದಂಧೆ ದೇಶದಲ್ಲಿ ಜೋರಾಗಿತ್ತು. ಸೀಮೆಎಣ್ಣೆ ಪೆಟ್ರೋಲಿನಷ್ಟು ಬೇಗ ಆವಿಯಾಗುವುದಿಲ್ಲ, ಪೂರ್ತಿ ಉರಿಯುವುದಿಲ್ಲ, ಮಸಿ ಬಿಡುತ್ತದೆ, ಎಂಜಿನ್ನಿಗೆ ಬಡಿತ ತರುತ್ತದೆ. ಹೊಸ ಪ್ಲಗ್ಗು ಹಾಕಿದ ವಾರಕ್ಕೇ ಕಪ್ಪಾದರೆ ಪ್ಲಗ್ಗನ್ನು ಬೈದು ಏನು ಬಂತು? ಇಲ್ಲಿ ಒಬ್ಬ ಕನ್ನಡನಾಡಿನ ಹುಡುಗನನ್ನು ನೆನೆಯಲೇಬೇಕು. ಕೋಲಾರ ಚಿನ್ನದ ಗಣಿಯ ಊರಿನ ಮಂಜುನಾಥ್ ಷಣ್ಮುಗಂ ಲಖನೌ ಐಐಎಂನಲ್ಲಿ ಓದಿ ಇಂಡಿಯನ್ ಆಯಿಲ್ ಕಂಪನಿಯ ಸೇಲ್ಸ್ ಅಧಿಕಾರಿಯಾಗಿದ್ದರು. ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪಂಪಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಗ್ಯಾರೇಜಿನಲ್ಲಿ ನಾವು ಸಣ್ಣ ಕಿರಿಕಿರಿ ಎಂದುಕೊಂಡಿದ್ದ ಕಪ್ಪು ಪ್ಲಗ್ಗಿನ ಹಿಂದೆ ಎಷ್ಟು ದೊಡ್ಡ ಹಣ, ಎಂಥ ಜನ ಇದ್ದರು ಎಂಬುದು ಆ ಹುಡುಗನ ಸಾವಿನಿಂದ ದೇಶಕ್ಕೆಲ್ಲ ತಿಳಿಯಿತು.

ಹೊಸ ಶತಮಾನದ ಹೊಸ್ತಿಲಲ್ಲಿ ಮುಂಬಯಿಯ ಹೊಗೆಯ ವಿಷಯ ಹೈಕೋರ್ಟಿನ ಮುಂದೆ ಬಂದು, ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾಗಬೇಕಾಯಿತು. ಪದ್ಮಿನಿಯ ಡಿಕ್ಕಿಯಲ್ಲಿ ಗ್ಯಾಸಿನ ಸಿಲಿಂಡರು ಬಂದು ಕೂತಿತು. ಪ್ರಯಾಣಿಕರ ಪೆಟ್ಟಿಗೆಗಳು ಟಪ್ಪಿನ ಮೇಲಿನ ಕ್ಯಾರಿಯರಿಗೆ ಹತ್ತಿದವು. ಆಗ ಮಿಸ್ಸಿಂಗಿನ ಒಂದು ಹೊಸ ತಲೆಮಾರೇ ಹುಟ್ಟಿತು.

ನಮ್ಮ ಚಾಳಿನಲ್ಲಿ ಕುಂದಾಪುರದ ಕಡೆಯ ಒಬ್ಬರು ಟ್ಯಾಕ್ಸಿ ಓಡಿಸುತ್ತಿದ್ದರು. ಎಲ್ಲರಿಗೂ ಅವರು 'ಅಣ್ಣ'. ಗಾಡಿ ಸ್ವಂತದ್ದು, ಸಾಲವೂ ಸ್ವಂತದ್ದು. 2002ರ ಮಳೆಗಾಲದಲ್ಲಿ ಅವರ ಟ್ಯಾಕ್ಸಿ ಮನೆಯೆದುರೇ ನಿಂತಿರುವುದು ಹೆಚ್ಚಾಯಿತು. ಕೇಳಿದೆ. "ಎಂತ ಹೇಳುದ್ ಮಾರಾಯ್ರೆ, ಪೆಟ್ರೋಲಂಗೆ ಲಾಯ್ಕ್ ಓಡತ್ತ್. ಗ್ಯಾಸಿಗ್ ಹಾಕ್ರೆ ಏರಿನಂಗೆ ಮಿಸ್ ಹೊಡಿತ್ತ್" ಅಂದರು. ಪೆಡ್ಡರ್ ರೋಡಿನ ಏರಿನಲ್ಲಿ ಗಾಡಿ ಜರ್ಕ್ ಹೊಡೆದು ಪ್ರಯಾಣಿಕರು ಇಳಿದುಹೋಗುತ್ತಿದ್ದರಂತೆ. ಪೆಟ್ರೋಲಿನಲ್ಲಿ ಓಡಿಸಿದರೆ ದಿನದ ಗಳಿಕೆಯೆಲ್ಲ ಪಂಪಿಗೇ ಹೋಗುತ್ತದೆ. ಗ್ಯಾಸ್ ಕಿಟ್ ಹಾಕಿದವರ ಬಳಿ ಹೋದರೆ ಮಿಕ್ಸರ್ ಬದಲಾಯಿಸಿದರು, ರೆಡ್ಯೂಸರನ್ನು ಬಿಚ್ಚಿ ಕಟ್ಟಿದರು. ಇನ್ನೊಬ್ಬರು ಹೊಸ ಕಾಯಿಲ್ ಹಾಕಿದರು, ನಾಲ್ಕು ಹೊಸ ಪ್ಲಗ್ಗು ಹಾಕಿದರು. ಹದಿನೈದು ದಿನದಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಖರ್ಚು. ಮಿಸ್ಸಿಂಗ್ ಇದ್ದಲ್ಲೇ ಇತ್ತು. ಶಾಲೆಯ ಫೀಸು ಕಟ್ಟುವ ತಿಂಗಳು ಬೇರೆ. ಗಾಡಿ ಮಾರಿ ಊರಿಗೆ ಹೋಗಿಬಿಡುತ್ತೇನೆ ಎಂಬಲ್ಲಿಗೆ ಅವರು ಬಂದಿದ್ದರು.

ನಾನು ಅವರನ್ನು ನಮ್ಮ ಹಳೆಯ ಉಸ್ತಾದರ ಬಳಿ ಕರೆದುಕೊಂಡು ಹೋದೆ. ಆಗ ಅವರಿಗೆ ಎಪ್ಪತ್ತರ ಆಸುಪಾಸು, ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಿದ್ದ. ಅಣ್ಣನನ್ನು ಬ್ರೇಕ್ ಒತ್ತಿ ಕೂರಿಸಿ, ಗೇರ್ ಹಾಕಿಸಿ, ಕ್ಲಚ್ ಅರ್ಧ ಬಿಡಿಸಿ ಎಂಜಿನ್ನಿಗೆ ಭಾರ ಕೊಟ್ಟರು. ಭಾರ ಬಿದ್ದದ್ದೇ ಮಿಸ್ಸಿಂಗ್ ಶುರು. ಲಯಬದ್ಧ. ಒಂದೊಂದೇ ವೈರನ್ನು ಪರೀಕ್ಷಿಸಿ "ಮೂರನೇ ನಂಬರ್" ಅಂದರು. ಆಮೇಲೆ ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. ಕಾಯಿಲ್ ನಾಲ್ಕಕ್ಕೂ ಒಂದೇ. ಗ್ಯಾಸಿನ ಮಿಕ್ಸರ್ ನಾಲ್ಕಕ್ಕೂ ಒಂದೇ. ಅವು ಕೆಟ್ಟಿದ್ದರೆ ಮೂರನೆಯದಕ್ಕೆ ಮಾತ್ರ ಯಾಕೆ ಉಪವಾಸ? ಮೂರನೆಯದಕ್ಕೆ ಮಾತ್ರ ಸೇರಿದ್ದು ಏನೇನಿದೆಯೋ ಅದನ್ನು ನೋಡಬೇಕು. ಪ್ಲಗ್ಗು ಅದಲು ಬದಲು ಮಾಡಿದರು, ದೋಷ ಅಲ್ಲೇ ಉಳಿಯಿತು. ವೈರು ಬದಲಾಯಿಸಿದರು, ಅಲ್ಲೇ ಉಳಿಯಿತು. ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು ಒತ್ತಡ ನೋಡಿದರು, ಸರಿಯಾಗಿತ್ತು. ಉಳಿದದ್ದು ಡೆಲ್ಕೋದ ಮುಚ್ಚಳ ಒಂದೇ. ಅದನ್ನು ಒರೆಸಿ ನೋಡಿದರೆ ಏನೂ ಕಾಣಲಿಲ್ಲ.

ಕತ್ತಲಾಗುವ ತನಕ ಕಾಯಲು ಹೇಳಿದರು. ಏಳೂವರೆಗೆ ಗ್ಯಾರೇಜಿನ ದೀಪ ಆರಿಸಿ, ಎಂಜಿನ್ ಓಡಿಸಿ ಮತ್ತೆ ಭಾರ ಕೊಟ್ಟರು. ಮುಚ್ಚಳದ ಪಕ್ಕದಲ್ಲಿ, ಮೂರನೇ ವೈರಿನ ಬುಡದಿಂದ ಹಿಡಿಕೆಯ ಕ್ಲಿಪ್ಪಿನವರೆಗೆ, ನೀಲಿ ನೂಲಿನಂಥ ಬೆಳಕು ತೆವಳುತ್ತಿತ್ತು. ಕೂದಲೆಳೆಯಷ್ಟು ಬಿರುಕು. ಗ್ಯಾಸಿಗೆ ಕಿಡಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಭಾರ ಹೆಚ್ಚಾದರೆ ಇನ್ನೂ ಹೆಚ್ಚು. ಪೆಟ್ರೋಲಿನಲ್ಲಿ ಕರೆಂಟಿಗೆ ಪ್ಲಗ್ಗಿನ ದಾರಿಯೇ ಸುಲಭವಾಗಿತ್ತು. ಗ್ಯಾಸಿನಲ್ಲಿ ಬಿರುಕಿನ ದಾರಿ ಸುಲಭವಾಯಿತು. ಜುಲೈ ತಿಂಗಳ ತೇವ ಅದಕ್ಕೆ ಸಹಾಯ ಮಾಡಿತು. ಅಂದರೆ ಗ್ಯಾಸು ದೋಷವನ್ನು ಹುಟ್ಟಿಸಲಿಲ್ಲ, ಮೊದಲೇ ಇದ್ದದ್ದನ್ನು ಬಯಲಿಗೆ ತಂದಿತು. ಎಲ್ಲರೂ ಹೊಸದಾಗಿ ಬಂದ ಗ್ಯಾಸಿನ ಮೇಲೇ ಕಣ್ಣಿಟ್ಟದ್ದರಿಂದ ಅದು ಸಿಗಲಿಲ್ಲ. ಹೊಸ ಮುಚ್ಚಳಕ್ಕೆ ನೂರು ರೂಪಾಯಿಯೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣ ಐದು ಗಂಟೆಗೇ ಗಾಡಿ ತೆಗೆದರು.

ಅಷ್ಟರಲ್ಲಿ ಕಾರುಗಳೇ ಬದಲಾಗಿದ್ದವು. ಪಾಯಿಂಟು, ಕಂಡೆನ್ಸರು ಹೋದವು. ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಟರು ಬಂತು. ಆಮೇಲೆ ಡಿಸ್ಟ್ರಿಬ್ಯೂಟರೂ ಹೋಗಿ, ಬಹಳಷ್ಟು ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ ಬಂತು. ಮಿಸ್ಸಿಂಗ್ ಪತ್ತೆಯ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದ್ದು ಕಾನೂನು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೋಗಿ ಉರಿದು ಅದನ್ನೇ ಸುಟ್ಟುಬಿಡುತ್ತದೆ, ಆಮೇಲೆ ಹೊಗೆಗೆ ಕಡಿವಾಣವೇ ಇಲ್ಲ. ಆದ್ದರಿಂದ ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಓಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿ ಓಬಿಡಿಯ ಮೊದಲ ಹಂತ 2010ರ ಏಪ್ರಿಲಿನಲ್ಲಿ, ಎರಡನೆಯದು 2013ರ ಏಪ್ರಿಲಿನಲ್ಲಿ ಬಂತು.

ಕಂಪ್ಯೂಟರ್ ಇದನ್ನು ಹೇಗೆ ಪತ್ತೆ ಮಾಡುತ್ತದೆ ಗೊತ್ತೇ? ಪ್ರತಿ ಸಿಡಿತಕ್ಕೂ ಕ್ರ್ಯಾಂಕ್‌ಶಾಫ್ಟ್ ಒಂದಿಷ್ಟು ಜೋರಾಗಿ ತಿರುಗುತ್ತದೆ. ಸಿಡಿತ ತಪ್ಪಿದರೆ ಒಂದು ಕ್ಷಣ ಹಿಂದೆ ಬೀಳುತ್ತದೆ. ಹಲ್ಲಿನ ಚಕ್ರದ ಎದುರು ಕೂತ ಸೆನ್ಸರು ಆ ವ್ಯತ್ಯಾಸವನ್ನು ಅಳೆಯುತ್ತದೆ. ಉಸ್ತಾದರ ಕಿವಿ ಮಾಡುತ್ತಿದ್ದದ್ದೂ ಇದನ್ನೇ, ಲಯ ಎಲ್ಲಿ ತಪ್ಪಿತು ಎಂದು ನೋಡುವುದನ್ನೇ. ತಮಾಷೆ ಎಂದರೆ ಹೊಂಡ ತುಂಬಿದ ರಸ್ತೆಯಲ್ಲಿ ಚಕ್ರದ ಕುಲುಕಾಟ ಕ್ರ್ಯಾಂಕ್‌ಶಾಫ್ಟಿನವರೆಗೂ ಹೋಗುತ್ತದೆ. ಅದನ್ನು ಮಿಸ್ಸಿಂಗ್ ಎಂದು ತಪ್ಪು ತಿಳಿಯದಂತೆ ಕಂಪ್ಯೂಟರಿಗೆ ಬೇರೆಯೇ ಪಾಠ ಹೇಳಿಕೊಡಬೇಕಾಯಿತು.

ಈಗ ಸ್ಕ್ಯಾನರ್ ಚುಚ್ಚಿದರೆ ಪಿ0303 ಎಂದು ಬರುತ್ತದೆ: ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪಿ0300 ಎಂದರೆ ಒಂದಕ್ಕೆ ನಿಲ್ಲದೆ ಅಲ್ಲಲ್ಲಿ ತಪ್ಪುತ್ತಿದೆ ಎಂದು. ಉಸ್ತಾದರ ಮೊದಲ ಪ್ರಶ್ನೆಯೂ ಇದೇ ಆಗಿತ್ತಲ್ಲವೇ? ಆದರೆ ಯಂತ್ರ ಇಲ್ಲಿಗೆ ನಿಲ್ಲುತ್ತದೆ. ಮೂರನೆಯದರ ಕಾಯಿಲೋ, ಪ್ಲಗ್ಗೋ, ಇಂಜೆಕ್ಟರೋ, ವಾಲ್ವೋ, ಇಲಿ ಕಡಿದ ವೈರೋ, ಅದನ್ನು ಹೇಳುವುದಿಲ್ಲ. ಬಲ್ಲ ಮೆಕ್ಯಾನಿಕ್ ಮೂರರ ಕಾಯಿಲನ್ನು ಒಂದಕ್ಕೆ ಹಾಕಿ ಓಡಿಸುತ್ತಾನೆ. ಕೋಡು ಪಿ0301 ಆಯಿತೋ, ಕಾಯಿಲ್ ಕೆಟ್ಟಿದೆ. ಪಿ0303 ಆಗಿಯೇ ಉಳಿಯಿತೋ, ಮುಂದಿನದನ್ನು ನೋಡಬೇಕು. ಬಲ್ಲದವನು ಕೋಡು ನೋಡಿ ನಾಲ್ಕು ಕಾಯಿಲ್, ನಾಲ್ಕು ಪ್ಲಗ್ ಬದಲಾಯಿಸಿ ಬಿಲ್ ಕೊಡುತ್ತಾನೆ. 2002ರಲ್ಲಿ ಅಣ್ಣನಿಗೆ ಆದದ್ದು ಇವತ್ತು ಸ್ಕ್ಯಾನರಿನ ಎದುರೇ, ಇನ್ನೂ ದೊಡ್ಡ ಮೊತ್ತಕ್ಕೆ ನಡೆಯುತ್ತದೆ.

ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಸ್ಸು ಇಪ್ಪತ್ತು ವರ್ಷ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ ಮುಗಿಯುವಾಗ ಆ ಟ್ಯಾಕ್ಸಿಗಳ ಕಾಲವೂ ಮುಗಿಯಿತು. ಪತ್ರಿಕೆಗಳೆಲ್ಲ ಕಾರಿನ ಫೋಟೋ ಹಾಕಿ ಬೀಳ್ಕೊಟ್ಟವು. ಅವನ್ನು ಐವತ್ತು ವರ್ಷ ಓಡುವಂತೆ ಇಟ್ಟ ಗ್ಯಾರೇಜಿನವರ ಬಗ್ಗೆ ಹೆಚ್ಚೇನೂ ಬರಲಿಲ್ಲ. ನಮ್ಮ ಉಸ್ತಾದ್ ಅದಕ್ಕೆ ಬಹಳ ಮೊದಲೇ ತೀರಿಕೊಂಡಿದ್ದರು. ಅವರ ಮಗನ ಗ್ಯಾರೇಜಿನಲ್ಲಿ ಈಗ ಸ್ಕ್ಯಾನರ್ ಇದೆ. ಅದಲು ಬದಲು ಮಾಡುವ ಪದ್ಧತಿಯೂ ಇದೆ ಎಂಬುದು ನನಗೆ ಸಮಾಧಾನ.

ನಿಮ್ಮ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಎಂಜಿನ್ ಲೈಟ್ ಮಿಣುಕುತ್ತಿದ್ದರೆ, ನಾಳೆ ನೋಡೋಣ ಎಂದು ಓಡಿಸಬೇಡಿ, ಕನ್ವರ್ಟರ್ ಸುಟ್ಟುಹೋದೀತು. ಗ್ಯಾರೇಜಿಗೆ ಹೋದಾಗ ಎರಡೇ ಪ್ರಶ್ನೆ ಕೇಳಿ. ದೋಷ ಒಂದು ಸಿಲಿಂಡರಿನದ್ದೋ, ಎಲ್ಲದರದ್ದೋ? ಯಾವ ಭಾಗವನ್ನು ಅದಲು ಬದಲು ಮಾಡಿ ನೋಡಿದಿರಿ? ಎರಡನೆಯದಕ್ಕೆ ನೇರ ಉತ್ತರ ಕೊಡುವವನ ಕೈಗೆ ಗಾಡಿ ಕೊಡಬಹುದು. ಕುರ್ಲಾದಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಅಂಥವರು ಈಗಲೂ ಇದ್ದಾರೆ.